ತೆರಿಗೆ ಉಳಿಸಲು ಬಡ್ಡಿ ಕಟ್ಟಬೇಕೆ?

‘ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ತೆರಿಗೆ ವಿನಾಯಿತಿ ಕೈತಪ್ಪುತ್ತದೆ’ ಎಂದು ಸಾಲ ತೀರಿಸುವ ಬಗ್ಗೆ ಓದಿದ ಲೇಖನವೊಂದು ವಾದಿಸಿತ್ತು. ಅದನ್ನು ಒಪ್ಪಲಾರೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ, ನಾವೇ ವಾಸಿಸುವ ಮನೆಯ ಸಾಲದ ಬಡ್ಡಿಗೆ ಸಿಗುವ ಕಡಿತ, ಅಂದರೆ ತೆರಿಗೆ ಲೆಕ್ಕಕ್ಕೆ ಮೊದಲು ಆದಾಯದಿಂದ ಕಳೆಯಬಹುದಾದ ಮೊತ್ತ, ವರ್ಷಕ್ಕೆ ಹೆಚ್ಚೆಂದರೆ 2 ಲಕ್ಷ ರೂಪಾಯಿ. ಶೇ 20ರ ತೆರಿಗೆ ಹಂತದಲ್ಲಿರುವವರಿಗೆ ಇದರಿಂದ ಉಳಿಯುವುದು ಸುಮಾರು 40 ಸಾವಿರ. ಅಷ್ಟಕ್ಕಾಗಿ ಬ್ಯಾಂಕಿಗೆ 2 ಲಕ್ಷ ಸುರಿಯಬೇಕೆ? ಹೊಸ ಪದ್ಧತಿಯಲ್ಲಂತೂ ಆ ಕಡಿತವೂ ಇಲ್ಲ.

ಶೇ 8.5ರ ಬಡ್ಡಿಗೆ 20 ವರ್ಷಕ್ಕೆ 30 ಲಕ್ಷ ಸಾಲ ಪಡೆದರೆ ಮಾಸಿಕ ಕಂತು ಸುಮಾರು 26 ಸಾವಿರ. ಮೊದಲ ಕಂತಿನಲ್ಲಿ 21,250 ರೂಪಾಯಿ ಬಡ್ಡಿಗೇ ಹೋಗುತ್ತದೆ! ಆರಂಭದ ವರ್ಷಗಳಲ್ಲಿ ಹೆಚ್ಚುವರಿಯಾಗಿ ಕಟ್ಟಿದ ಹತ್ತು ಸಾವಿರಕ್ಕೆ ಇರುವ ತೂಕ ಕೊನೆಯ ವರ್ಷಗಳಲ್ಲಿ ಇರುವುದಿಲ್ಲ. ಬಡ್ಡಿದರ ಬದಲಾಗುವ ಗೃಹಸಾಲವನ್ನು ಬೇಗ ತೀರಿಸಿದ್ದಕ್ಕೆ ವ್ಯಕ್ತಿಗಳಿಂದ ದಂಡ ವಸೂಲು ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿ ವರ್ಷಗಳೇ ಆದವು. ಆದರೆ ಹೆಚ್ಚುವರಿ ಹಣ ಕಟ್ಟುವಾಗ ‘ಕಂತು ಹಾಗೆಯೇ ಇರಲಿ, ಅವಧಿ ಇಳಿಸಿ’ ಎಂದು ಬ್ಯಾಂಕಿಗೆ ಬರೆದುಕೊಡುವುದನ್ನು ಮರೆಯಬೇಡಿ. ನಾನು ಮರೆತಿದ್ದೆ, ಕಂತನ್ನಷ್ಟೇ ಇಳಿಸಿ ಕೈತೊಳೆದುಕೊಂಡರು.

ಬೇಡದ ಸಾಮಾನು ಮಾರಿ ಸಾಲ ತೀರಿಸಿ ಎಂಬ ಅದೇ ಲೇಖನದ ಸಲಹೆಗೆ ಮಾತ್ರ ನಗು ಬಂತು. ನಾವೂ ಅಟ್ಟ ಖಾಲಿ ಮಾಡಿದೆವು. ಗುಜರಿಯವನು ಎಣಿಸಿದ್ದು 3,400 ರೂಪಾಯಿ. ಲಾಭವಾದದ್ದು ಬೇರೆ ಕಡೆ: ಪೆಟ್ಟಿಗೆಯನ್ನೇ ತೆರೆಯದ ಮೂರನೆಯ ಮಿಕ್ಸರ್ ಕಣ್ಣಿಗೆ ಬಿದ್ದ ದಿನವೇ ಹೆಂಡತಿ ಹಬ್ಬದ ರಿಯಾಯಿತಿ ಜಾಹೀರಾತುಗಳನ್ನು ನೋಡುವುದನ್ನು ಬಿಟ್ಟಳು. ನನಗೆ ಇನ್ನೊಂದು ವರ್ಷ ಬೇಕಾಯಿತು.