ಟೈರಿಗೆ ಒಂದು ಒದೆ

ನಿನ್ನೆ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಸ್ಕೂಟರಿನ ಹಿಂದಿನ ಚಕ್ರಕ್ಕೆ ಒಂದು ಒದೆ ಕೊಟ್ಟೆ. ಮಹಡಿಯಿಂದ ಮಗಳು ನೋಡುತ್ತಿದ್ದಳು. "ಅದೇನ್ ಮಾಡ್ತಪ್ಪಾ ನಿಂಗೆ?" ಅಂದಳು. ಗಾಳಿ ನೋಡ್ತಿದ್ದೀನಿ ಅಂದೆ. "ಒದ್ದರೆ ಗೊತ್ತಾಗತ್ತಾ?" ಗೊತ್ತಾಗತ್ತೆ ಅಂದೆ.

ಗೊತ್ತಾಗಲ್ಲ. ಆದರೆ ನಮ್ಮಪ್ಪ ಒದೆಯುತ್ತಿದ್ದರು.

ಹನುಮಂತನಗರದ ವಠಾರದಲ್ಲಿ ಬೆಳಿಗ್ಗೆ ಎಂಟೂವರೆ ಅಂದರೆ ಅಪ್ಪನ ಸ್ಕೂಟರಿನ ಸೇವೆಯ ಹೊತ್ತು. ಮೊದಲು ಟೈರಿಗೆ ಒದೆ. ಆಮೇಲೆ ಸೀಟು ಎತ್ತಿ ಟ್ಯಾಂಕಿನೊಳಗೆ ಇಣುಕುವುದು. ಪೆಟ್ರೋಲ್ ಕಾಣದಿದ್ದರೆ ಗಾಡಿ ಅಲ್ಲಾಡಿಸಿ ಕಿವಿಗೊಡುವುದು. ಕೊನೆಗೆ ಗಾಡಿಯನ್ನು ತಮ್ಮ ಕಡೆಗೆ ಒರಗಿಸಿಕೊಂಡು ಹತ್ತು ಎಣಿಸಿ, ಕಿಕ್. ನಾಲ್ಕು ಕಿಕ್ಕಿಗೂ ಬಗ್ಗದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜುವುದು.

ಅಷ್ಟು ಹೊತ್ತಿಗೆ ವಠಾರದ ಗಂಡಸರೆಲ್ಲ ಸುತ್ತ ಸೇರಿರುತ್ತಿದ್ದರು. ಎದುರುಮನೆ ರಾಯರು ಜೀವನದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿದವರಲ್ಲ. ಕಾಫಿ ಲೋಟ ಹಿಡಿದು ಬಂದು, "ಪಾಯಿಂಟ್ ಹೋಗಿದೆ" ಅನ್ನುತ್ತಿದ್ದರು. ಪ್ರತಿ ಸಲವೂ ಅದೇ. ಪಾಯಿಂಟ್ ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರಿಸೋ ಒಂದು ಸಣ್ಣ ಭಾಗ ಅಂತ ಅವರಿಗೂ ಗೊತ್ತಿರಲಿಲ್ಲ ಅನ್ನೋದು ನನ್ನ ಗುಮಾನಿ. ಒಂದು ದಿನ ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿ, "ಪಾಯಿಂಟ್ ಹೋಗಿದೆ ಸಾರ್" ಅಂದುಬಿಟ್ಟ. ರಾಯರು ಒಳಗೆ ಹೋದರು. ಬನಿಯನ್ನಿನ ಮೇಲೆ ಇಸ್ತ್ರಿ ಶರ್ಟು ಹಾಕಿಕೊಂಡು ವಾಪಸ್ ಬಂದು ನಿಂತರು. ಆಮೇಲೆ ವಠಾರದಲ್ಲಿ ಮಿಕ್ಸಿ ಕೆಟ್ಟರೂ ಅವರಿಗೇ ಬುಲಾವ್. ಅವರೂ ಬಂದು ಮಿಕ್ಸಿ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಯಿಂಟು" ಅನ್ನುತ್ತಿದ್ದರು.

ನನ್ನ ಎಲೆಕ್ಟ್ರಿಕ್ ಸ್ಕೂಟರಿಗೆ ಪಾಯಿಂಟೂ ಇಲ್ಲ, ಪ್ಲಗ್ಗೂ ಇಲ್ಲ. ಸುತ್ತ ಸೇರೋರೂ ಇಲ್ಲ. ಸದ್ದಂತೂ ಇಲ್ಲವೇ ಇಲ್ಲ. ಕೊಂಡ ಹೊಸದರಲ್ಲಿ ಆಫ್ ಆಗಿದೆ ಅಂದುಕೊಂಡು ಆಕ್ಸಿಲರೇಟರ್ ಹಿಡಿದು ಗಾಡಿ ತಳ್ಳಲು ಹೋದೆ. ಅದು ನನ್ನನ್ನೂ ಎಳೆದುಕೊಂಡು ತುಳಸಿ ಕುಂಡದ ತನಕ ಹೋಯಿತು. ಕುಂಡದ ದುಡ್ಡು ಹೋಗಲಿ, ಅತ್ತೆಯವರ ಮುಖ ನೋಡೋದು ಕಷ್ಟವಾಯಿತು.

ಇನ್ನೊಂದು ಕಾಟ ಬ್ರೇಕಿನದು. ಆಕ್ಸಿಲರೇಟರಿನಿಂದ ಕೈ ಬಿಟ್ಟರೆ ಗಾಡಿ ತಾನೇ ನಿಧಾನವಾಗತ್ತೆ, ಓಟದ ಶಕ್ತಿ ವಾಪಸ್ ಬ್ಯಾಟರಿಗೆ ಹೋಗತ್ತೆ. ಅದೇ ಅಭ್ಯಾಸವಾಗಿ ಬ್ರೇಕಿನ ನೆನಪೇ ಹೋಗಿಬಿಡತ್ತೆ. ಆದರೆ ರಾತ್ರಿಯೆಲ್ಲ ಚಾರ್ಜಿಗೆ ಹಾಕಿ 100 ಮಾಡಿಕೊಂಡು ಹೊರಟ ಬೆಳಿಗ್ಗೆ ಬ್ಯಾಟರಿಯಲ್ಲಿ ಜಾಗವೇ ಇರಲ್ಲ. ಕೈ ಬಿಟ್ಟರೂ ಗಾಡಿ ಹೋಗ್ತಾನೇ ಇರತ್ತೆ. ಇದು ನನಗೆ ಹನುಮಂತನಗರದ ಇಳಿಜಾರಿನಲ್ಲಿ ತಿಳಿಯಿತು. ಅವತ್ತಿನಿಂದ ಗೇಟು ದಾಟುವ ಮೊದಲು ಎರಡೂ ಬ್ರೇಕ್ ಹಿಡಿದು ನೋಡುತ್ತೇನೆ. ಈ ಗಾಡಿ ನೋಡಿಕೊಳ್ಳುವುದರಲ್ಲಿ ಒಂದು ದೊಡ್ಡ ವಿಷಯ ಅಡಗಿದೆ ಅಂತ ನಿನ್ನೆ ಹೊಳೆದಿತ್ತು. ಅದನ್ನು ಬರೆಯಲೆಂದೇ ಕೂತದ್ದು. ಇರಲಿ, ಮೊದಲು ಗಾಳಿಯ ಕಥೆ ಮುಗಿಸುತ್ತೇನೆ.

ಗಾಳಿಗೆ ಪೆಟ್ರೋಲ್ ಬಂಕಿಗೇ ಹೋಗಬೇಕು, ಅಲ್ವಾ? ಹಸಿರು ನಂಬರ್ ಪ್ಲೇಟ್ ಹೊತ್ತು ಅಲ್ಲಿಗೆ ಹೋಗುವುದೆಂದರೆ ಸಾಲ ತೀರಿಸಿದ ಮೇಲೂ ಸಾಲ ಕೊಟ್ಟವನ ಮನೆಗೆ ಊಟಕ್ಕೆ ಹೋದ ಹಾಗೆ. ಗಾಳಿ ಹುಡುಗ ಮೊಬೈಲಿನಿಂದ ತಲೆ ಎತ್ತಿ, "ಕರೆಂಟ್ ಗಾಡಿ ಅಲ್ವಾ ಸಾರ್, ಇದಕ್ಕೂ ಗಾಳಿ ಬೇಕಾ?" ಅಂದ. ನನಗೆ ರೇಗಿತು. ಟೈರಿಗೆ ಕರೆಂಟ್ ತುಂಬಿಸ್ತಾರೇನಪ್ಪಾ ಅಂದೆ. ಹಿಂದೆ ಕ್ಯೂನಲ್ಲಿದ್ದ ಕಾರಿನವನು ಹಾರ್ನ್ ಹೊಡೆದ. ಮುಂದಿನ ಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಅಂತ ನಾನು ಗಾಡಿಯ ಪುಸ್ತಕ ನೋಡಿ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಹುಡುಗ ಚೀಟಿ ಓದಿದ, ಮಡಚಿದ, ವಾಪಸ್ ಕೊಟ್ಟ.

"ಮೀಟರ್ ಕೆಟ್ಟಿದೆ ಸಾರ್."

ಎರಡು ಟೈರಿಗೂ ಪೈಪು ಚುಚ್ಚಿ ಒಂದಷ್ಟು ಗಾಳಿ ಬಿಟ್ಟ. ಹೆಬ್ಬೆರಳಲ್ಲಿ ಒತ್ತಿ ನೋಡಿದ. ಸಮಾಧಾನ ಆದ ಹಾಗೆ ಕಾಣಲಿಲ್ಲ. ಎದ್ದು ನಿಂತು, ಚಪ್ಪಲಿ ಕಾಲಿನಲ್ಲಿ ಟೈರಿಗೆ ಒಂದು ಒದ್ದ.

"ಸರಿಯಾಗಿದೆ, ಹೋಗಿ ಸಾರ್."