ಹಲಸಿನ ಬೀಜದ ಹೋಳಿಗೆ ಮತ್ತು ಒಂದು ಕೊಲೆ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಬಂದ ಸಿಟ್ಟು ಇವತ್ತು ಸಂಜೆಯಾದರೂ ಇಳಿದಿಲ್ಲ. ಹೊರಗೆ ಆಟಿಯ ಮಳೆ ಧೋ ಎಂದು ಸುರಿಯುತ್ತಿದೆ. ಇಡೀ ಉಡುಪಿ ತಣ್ಣಗಾಗಿದೆ, ನನ್ನ ತಲೆ ಒಂದು ಬಿಟ್ಟು.

ವಿಷಯ ಇಷ್ಟೇ. 1987ರ ಒಂದು ವಾರಪತ್ರಿಕೆ. ಅದರಲ್ಲಿ ಒಂದು ಪತ್ತೇದಾರಿ ಧಾರಾವಾಹಿ. ಒಟ್ಟು ಹತ್ತೊಂಬತ್ತು ಕಂತು. ನನ್ನ ಕಟ್ಟಿನಲ್ಲಿ ಇದ್ದದ್ದು ಹದಿನೇಳು. ಹತ್ತು ಮತ್ತು ಹನ್ನೊಂದನೇ ಕಂತು ಇರಲಿಲ್ಲ, ಅದನ್ನು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ‘ಇಲ್ಲಿಯವರೆಗೆ’ ಅಂತ ಮೇಲೆ ನಾಲ್ಕು ಸಾಲು ಹಾಕಿರುತ್ತಾರಲ್ಲ, ಅದನ್ನು ಓದಿ ಸುಧಾರಿಸಿದೆ. ಮೂರು ರಾತ್ರಿ ನಿದ್ದೆ ಕೆಟ್ಟು ಕೊನೆಯ ಕಂತಿನ ಕೊನೆಯ ಪುಟಕ್ಕೆ ಬಂದೆ. ಇನ್‌ಸ್ಪೆಕ್ಟರ್ ಬಂಗಲೆಯ ಬಾಗಿಲು ದೂಡುತ್ತಾನೆ. ಬೆತ್ತದ ಕುರ್ಚಿಯಲ್ಲಿ ಬೆನ್ನು ಹಾಕಿ ಕೂತವರು ಮೆಲ್ಲ ಈ ಕಡೆ ತಿರುಗುತ್ತಾರೆ. ಅದು ಬೇರೆ ಯಾರೂ ಅಲ್ಲ,

ಅಲ್ಲಿ ಒಂದು ತೂತು.

ಇಲಿ ಕಡಿದದ್ದಲ್ಲ. ಒರಲೆ ತಿಂದದ್ದೂ ಅಲ್ಲ. ಕತ್ತರಿಯಲ್ಲಿ, ನಾಲ್ಕು ಮೂಲೆ ಸರಿ ಬರುವ ಹಾಗೆ, ಪುರುಸೊತ್ತಿನಲ್ಲಿ ಕತ್ತರಿಸಿದ ತೂತು. ಅದರೊಳಗಿಂದ ಮುಂದಿನ ಪುಟದ ಟೂತ್‌ಪೇಸ್ಟಿನ ಹುಡುಗಿ ನನ್ನನ್ನೇ ನೋಡಿ ಹಲ್ಲು ಬಿಡುತ್ತಿದ್ದಳು. ತೂತಿನ ಕೆಳಗೆ ಕತೆ ಹೀಗೆ ಮುಗಿದಿತ್ತು: ‘ಎಂದಾಗ ಎಲ್ಲರೂ ನಕ್ಕರು. ಅಡುಗೆಯವಳು ಕಾಫಿ ತಂದಳು.’

ನಾಲ್ಕು ಹೆಣ ಬಿದ್ದ ಮನೆಯಲ್ಲಿ ಎಲ್ಲರೂ ಸೇರಿ ನಗುವಂಥದ್ದು ಎಂತ ಉಂಟು ಮಾರಾಯ್ರೆ?

ಪುಟದ ಆ ಬದಿಗೆ ತಿರುಗಿಸಿದೆ. ‘ಈ ವಾರದ ಅಡುಗೆ’ ಎಂಬ ತಲೆಬರಹ ಮಾತ್ರ ಉಳಿದಿತ್ತು. ಯಾವ ಅಡುಗೆ ಎಂದು ಪರಿವಿಡಿಯಲ್ಲಿ ಹುಡುಕಿದೆ. ಹಲಸಿನ ಬೀಜದ ಹೋಳಿಗೆ.

ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದವನು. ಹರಿದ ನೋಟು ತಂದವರ ಎದುರೇ ಅದನ್ನು ಬೆಳಕಿಗೆ ಹಿಡಿದು, ಆಚೀಚೆ ತಿರುಗಿಸಿ, ‘ನಂಬರ್ ಇಲ್ವಲ್ಲಾ’ ಎಂದು ವಾಪಸು ಕೊಟ್ಟವನು. ಹೆಂಡತಿ ಅದನ್ನೇ ಹಿಡಿದುಕೊಂಡಳು. “ಆಗ ಊರಿನವರ ನೋಟೆಲ್ಲ ನೋಡ್ತಿದ್ರಿ. ಈಗ ಆರುನೂರು ರೂಪಾಯಿ ಕೊಟ್ಟು ತೂತಿನ ಕಾಗದ ತಂದಿದ್ದೀರಿ.” ಇವಳ ಪ್ರಕಾರ ನಾನು ಗುಜರಿ ಕೊಟ್ಟು ಗುಜರಿ ತರುವ ಮನುಷ್ಯ.

ಅದು ಸುಳ್ಳಲ್ಲ. ನಿವೃತ್ತಿಯಾದ ಮೇಲೆ ಶನಿವಾರ ಶನಿವಾರ ಅಂಬಾಗಿಲು ಕಡೆಯ ಒಂದು ಗುಜರಿ ಅಂಗಡಿಗೆ ಹೋಗುವುದು ನನಗೆ ಅಭ್ಯಾಸ. ಕೆಲವರು ಮಠಕ್ಕೆ ಹೋಗುತ್ತಾರೆ, ಕೆಲವರು ಮಲ್ಪೆಗೆ ವಾಕಿಂಗ್ ಹೋಗುತ್ತಾರೆ. ನಾನು ತುಕ್ಕು ಹಿಡಿದ ಫ್ರಿಜ್, ಕಾಲಿಲ್ಲದ ಫ್ಯಾನ್ ದಾಟಿ ಹಿಂದಿನ ಮೂಲೆಗೆ ಹೋಗಿ ಕಾಗದದ ರಾಶಿಯ ಮುಂದೆ ಕುಕ್ಕರು ಕೂರುತ್ತೇನೆ. ಮೊದಮೊದಲು ಎಲ್ಲ ತೂಕದ ಲೆಕ್ಕ. ಅವರು ಕಿಲೋಗೆ ಹನ್ನೆರಡು ರೂಪಾಯಿಗೆ ತೆಗೆದುಕೊಂಡದ್ದನ್ನು ನನಗೆ ಇಪ್ಪತ್ತಕ್ಕೆ ಕೊಡುತ್ತಿದ್ದರು. ನನಗೂ ಸಂತೋಷ, ಅವರಿಗೂ ಸಂತೋಷ.

ಆ ಸಂತೋಷವನ್ನು ಹಾಳು ಮಾಡಿದ್ದು ನನ್ನ ಬಾಯಿ. ಒಂದು ದಿನ ಉತ್ಸಾಹ ಜಾಸ್ತಿಯಾಗಿ ಹೇಳಿಬಿಟ್ಟೆ. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಎಲ್ಲಿ ಗೊತ್ತುಂಟಾ ನಿಮಗೆ? ಇಲ್ಲೇ, ಮಂಗಳೂರಿನಲ್ಲಿ. 1843ರ ಜುಲೈ 1. ‘ಮಂಗಳೂರು ಸಮಾಚಾರ’ ಅಂತ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ತಂದದ್ದು. ಈಗಲೂ ಜುಲೈ ಒಂದನ್ನು ಪತ್ರಿಕಾ ದಿನ ಅಂತ ಮಾಡುವುದು ಅದಕ್ಕೇ. ಅದು ಅಚ್ಚಿನ ಮೊಳೆಯದ್ದಲ್ಲ, ಕಲ್ಲಚ್ಚು.

ಅವರು ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಯೋಚಿಸಿದರು.

“ಕಲ್ಲಿನದ್ದಾ ಸಾರ್? ಹಾಗಾದ್ರೆ ತೂಕ ಒಳ್ಳೆ ಬರ್ತಿತ್ತಲ್ಲಾ.”

ನಾನು ನಕ್ಕೆ. ಅವರು ನಗಲಿಲ್ಲ. ಹಳೆಯ ಕಾಗದಕ್ಕಾಗಿ ಜರ್ಮನಿಯ ಕತೆ ಹೇಳುವಷ್ಟು ಹುಚ್ಚು ಇರುವವನ ಹತ್ತಿರ ತಕ್ಕಡಿ ಯಾಕೆ ಬೇಕು ಅಂತ ಅವತ್ತೇ ಅವರಿಗೆ ಅನಿಸಿರಬೇಕು. ಮುಂದಿನ ಶನಿವಾರ ಹೋದರೆ ಪತ್ರಿಕೆಗೆಲ್ಲ ಬಿಡಿ ಲೆಕ್ಕ. ಒಂದಕ್ಕೆ ನಲವತ್ತು. ‘ಚಂದಮಾಮ’ವಾದರೆ ಇನ್ನೂರು. “ಅದು ಆಂಟಿಕ್ ಸಾರ್, ಮೊಬೈಲಲ್ಲಿ ನೋಡಿ ಬೇಕಾದ್ರೆ.” ಈ ಹದಿನೇಳು ಸಂಚಿಕೆಗೆ ಆರುನೂರ ಎಂಬತ್ತು ಹೇಳಿದರು. ಅರ್ಧ ಗಂಟೆ ಚೌಕಾಸಿ ಮಾಡಿ ಆರುನೂರಕ್ಕೆ ಇಳಿಸಿ, ಗೆದ್ದೆ ಅಂದುಕೊಂಡು ತಂದೆ. ಒಳಗೆ ಬಿಚ್ಚಿ ನೋಡಲಿಲ್ಲ. ಗೆದ್ದವರು ಯಾರು ಬಿಚ್ಚಿ ನೋಡುತ್ತಾರೆ?

ಹಳೆಯ ಪತ್ರಿಕೆಯಲ್ಲಿ ಎಂತ ಉಂಟು ಅಂತ ಮಗ ಕೇಳುತ್ತಾನೆ. ಅವನಿಗೆ ಹೇಗೆ ಹೇಳುವುದು? ಹೊಸ ಪತ್ರಿಕೆ ಓದುವಾಗ ಮುಂದೆ ಏನಾಗುತ್ತದೋ ಎಂಬ ಹೆದರಿಕೆ ಇರುತ್ತದೆ. ಹಳೆಯದರಲ್ಲಿ ಅದಿಲ್ಲ. ಈ ಕಟ್ಟಿನ ಅಕ್ಟೋಬರ್ ಸಂಚಿಕೆಯಲ್ಲಿ ವಿಶ್ವಕಪ್ ಕ್ರಿಕೆಟ್ ಬಗ್ಗೆ ಒಂದು ಲೇಖನ ಉಂಟು. 1983ರಲ್ಲಿ ಗೆದ್ದವರು ನಾವು, ಈ ಸಲ ಆಟವೂ ನಮ್ಮ ನೆಲದಲ್ಲಿ, ಇನ್ನೇನು ಬೇಕು ಅಂತ ಬರೆದವರು ಉಬ್ಬಿ ಹೋಗಿದ್ದಾರೆ. ನನಗೆ ಪಾಪ ಅನಿಸಿತು. ನವೆಂಬರ್ 5ಕ್ಕೆ ಬೊಂಬಾಯಿಯಲ್ಲಿ ಸೆಮಿಫೈನಲ್, ಇಂಗ್ಲೆಂಡಿನ ಗೂಚ್ ಎಂಬವನು ಸ್ವೀಪ್ ಹೊಡೆದು ಹೊಡೆದೇ ನೂರು ಮಾಡಿ ನಮ್ಮನ್ನು ಮನೆಗೆ ಕಳಿಸುತ್ತಾನೆ. ಅದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಹೀಗೆ ದೇವರ ಹಾಗೆ ಕೂತು ಓದುವ ಸುಖ ಬೇರೆ ಎಲ್ಲಿ ಸಿಗುತ್ತದೆ? 1987ರಲ್ಲಿ ಏನೇನು ಆಗುತ್ತದೆ ಎಂದು ನನಗೆ ಪೂರ್ತಿ ಗೊತ್ತು. ಬೆತ್ತದ ಕುರ್ಚಿಯಲ್ಲಿ ಯಾರು ಕೂತಿದ್ದರು ಎಂಬುದೊಂದು ಬಿಟ್ಟು.

ಮತ್ತೆ ಜಾಹೀರಾತುಗಳು. ಸ್ಕೂಟರು, ಎಚ್‌ಎಂಟಿ ವಾಚು, ಬಾಗಿಲಿರುವ ಟಿವಿ. ಟಿವಿಗೆ ಬಾಗಿಲು ಇದ್ದದ್ದನ್ನು ಈಗಿನ ಮಕ್ಕಳಿಗೆ ಹೇಳಿದರೆ ಒಳಗೆ ಯಾರು ಇದ್ದರು ಅಂತ ಕೇಳುತ್ತಾರೆ.

ಇರಲಿ, ಕತ್ತರಿಗೆ ಬರುತ್ತೇನೆ.

ಈ ಕತ್ತರಿಯ ಪುಣ್ಯಾತ್ಗಿತ್ತಿ ಯಾರೋ ನನಗೆ ಗೊತ್ತಿಲ್ಲ. ಹೆಂಗಸು ಎಂದು ಹೇಗೆ ಗೊತ್ತಾಯಿತು ಅಂದರೆ, ಅವರಿಗೆ ಕತ್ತರಿಸುವುದು ಮಾತ್ರ ಅಲ್ಲ, ಬರೆಯುವುದೂ ಒಂದು ಚಾಳಿ. ನೀಲಿ ಬಾಲ್‌ಪೆನ್ನು, ಸಣ್ಣ ಉರುಟು ಅಕ್ಷರ. ಒಂದು ಅಡುಗೆಯ ಬದಿಯಲ್ಲಿ ‘ಇವರಿಗೆ ಸೇರಲಿಲ್ಲ’ ಎಂದಿತ್ತು. ‘ಇವರು’ ಎಂದರೆ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಒಂದು ಪುಟವನ್ನೂ ಅವರು ಸುಮ್ನೆ ಬಿಟ್ಟಿಲ್ಲ. ಒಂದು ಪ್ರೇಮಕತೆಯ ಕೊನೆಗೆ: ‘ಇಂಥಾ ಗಂಡಸು ಇರುವುದಿಲ್ಲ.’ ತೂಕ ಇಳಿಸುವ ಲೇಖನಕ್ಕೆ: ‘ಮನೆಕೆಲಸ ಮಾಡಿದರೆ ಸಾಕು.’ ಒಬ್ಬ ಮಂತ್ರಿಯ ಸಂದರ್ಶನಕ್ಕೆ ಬರೀ ಒಂದು ಅಡ್ಡಗೆರೆ, ಮೂಗಿನ ಮೇಲೆ. ಪದಬಂಧ ತುಂಬಿಸಿದ್ದಾರೆ, ತಪ್ಪು ತಪ್ಪಾಗಿ, ಆದರೆ ಎಂಥ ಧೈರ್ಯದಲ್ಲಿ! ಐದು ಮನೆಯಿದ್ದಲ್ಲಿ ಆರು ಅಕ್ಷರ ಹಿಡಿಸದಿದ್ದರೆ ಹೊರಗೆ ಒಂದು ಮನೆ ಗೆರೆ ಎಳೆದು ಕಟ್ಟಿಕೊಂಡಿದ್ದಾರೆ. ಉತ್ತರ ತಮ್ಮದೇ ಸರಿ, ಪದಬಂಧ ಮಾಡಿದವನಿಗೆ ಲೆಕ್ಕ ಬರುವುದಿಲ್ಲ ಎಂಬ ಧಾಟಿ.

ಅಡುಗೆಯ ವಿಷಯದಲ್ಲಿ ಮಾತ್ರ ಕೋರ್ಟಿನ ಕಟ್ಟುನಿಟ್ಟು. ಮೊದಲು ಕತ್ತರಿಸುವುದು. ಮಾಡಿ ನೋಡುವುದು. ಮುಂದಿನ ವಾರದ ಸಂಚಿಕೆಯ ಅಂಚಿನಲ್ಲಿ ತೀರ್ಪು. ‘ಕಳೆದ ವಾರದ್ದು ಪರವಾಗಿಲ್ಲ, ಬೆಲ್ಲ ಸ್ವಲ್ಪ ಕಡಿಮೆ ಸಾಕು.’ ‘ಕಳೆದ ವಾರದ್ದು ಬರೆದವರು ಅಡುಗೆಕೋಣೆ ನೋಡಿಲ್ಲ.’ ಹೀಗೆ ತೀರ್ಪು ಓದುತ್ತಾ ಓದುತ್ತಾ ಬಂದವನಿಗೆ, ಆ ತೀರ್ಪುಗಳ ಹಿಂದೆ ಒಂದೊಂದು ತೂತು ಇರಲೇಬೇಕು ಎಂದು ಹೊಳೆಯಲೇ ಇಲ್ಲ ನೋಡಿ. ಹೊಳೆಯದಿರಲು ಕಾರಣ ಉಂಟು. ಅಷ್ಟು ವಾರ ಅಡುಗೆಯ ಹಿಂದಿನ ಪುಟದಲ್ಲಿ ಇದ್ದದ್ದು ಜಾಹೀರಾತು. ಹಿಮ್ಮಡಿ ಒಡೆದದ್ದಕ್ಕೆ ಮುಲಾಮು, ಉದುರುವ ಕೂದಲಿಗೆ ಎಣ್ಣೆ. ಅದರಲ್ಲಿ ಅರ್ಧ ಹೋದರೆ ಯಾರಿಗೆ ನಷ್ಟ? ಇಡೀ ಹತ್ತೊಂಬತ್ತು ವಾರದಲ್ಲಿ ಕತೆ ಆ ಪುಟಕ್ಕೆ ಬಂದದ್ದು ಒಂದೇ ಸಲ. ಕೊಲೆಗಾರ ಸಿಕ್ಕಿಬೀಳುವ ವಾರ.

“ಹಲಸಿನ ಬೀಜದಲ್ಲಿ ಹೋಳಿಗೆಯಾ?” ಹೆಂಡತಿ ಕೇಳಿದಳು. ನನ್ನ ದುಃಖಕ್ಕಿಂತ ಅವಳಿಗೆ ಅದು ದೊಡ್ಡ ವಿಷಯ. “ಬೀಜ ಬೇಯಿಸಿ ರುಬ್ಬುವುದಾ? ಹುರಿದು ಪುಡಿ ಮಾಡುವುದಾ? ಎಲ್ಲಿ, ಅಳತೆ ಹೇಗೆ ಕೊಟ್ಟಿದ್ದಾರೆ ನೋಡಿ.”

“ಅದನ್ನೇ ಅಲ್ವಾ ಕತ್ತರಿಸಿದ್ದು!”

“ಶ್ಶೆ,” ಎಂದಳು. ನಮ್ಮ ಮನೆಯಲ್ಲಿ ಆ ತೂತಿಗಾಗಿ ಇಬ್ಬರು ಬೇಸರ ಪಟ್ಟೆವು, ಒಬ್ಬೊಬ್ಬರು ಒಂದೊಂದು ಬದಿಯಿಂದ.

ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ವಾರಭವಿಷ್ಯದ ಪುಟದಲ್ಲಿ ಅವರು ಎರಡೇ ರಾಶಿಗೆ ಗುರುತು ಹಾಕುತ್ತಿದ್ದರು. ಕನ್ಯಾ ಮತ್ತು ಮಿಥುನ. ಕನ್ಯಾಕ್ಕೆ ‘ಧನಲಾಭ’ ಎಂದಿದ್ದಲ್ಲಿ ‘ಎಲ್ಲಿ?’ ಎಂದು ಕೇಳಿದ್ದಾರೆ. ‘ಪತಿಯಿಂದ ಸಹಕಾರ’ ಎಂದಿದ್ದಲ್ಲಿ ಎರಡು ಆಶ್ಚರ್ಯಚಿಹ್ನೆ. ನಾನು ಹಾಸಿಗೆಯಲ್ಲೇ ಜೋರಾಗಿ ನಕ್ಕು ಬೈಸಿಕೊಂಡೆ. ಆಗಸ್ಟಿನ ಒಂದು ವಾರ ಮಿಥುನಕ್ಕೆ ‘ದೂರ ಪ್ರಯಾಣ’ ಎಂದಿದೆ. ಅದಕ್ಕೆ ಮಾತಿಲ್ಲ, ಸುಮ್ನೆ ಒಂದು ಸರಿ ಗುರುತು. ಅದರ ನಂತರ ಕನ್ಯಾದ ಕಡೆ ‘ದೂರದಿಂದ ಶುಭವಾರ್ತೆ’ ಎಂದು ಬಂದಾಗಲೆಲ್ಲ ‘ಬಂದಿಲ್ಲ’. ಮೂರು ಸಲ ಬಂದಿಲ್ಲ. ಆಮೇಲೆ ಆ ಎರಡು ಸಂಚಿಕೆಗಳೇ ಇಲ್ಲ. ನಂತರದ ಸಂಚಿಕೆಗಳಲ್ಲಿ ಭವಿಷ್ಯದ ಪುಟದಲ್ಲಿ ಪೆನ್ನಿನ ಗುರುತೇ ಇಲ್ಲ. ಅಡುಗೆ ಮಾತ್ರ ವಾರ ತಪ್ಪದೆ ಕತ್ತರಿಸಿದ್ದಾರೆ.

ಹತ್ತು ಹನ್ನೊಂದನೇ ಕಂತಿನಲ್ಲಿ ಯಾರ ಕೊಲೆಯಾಯಿತು ಎಂಬುದಕ್ಕಿಂತ ಈಗ ನನಗೆ ಅದರ ಭವಿಷ್ಯದ ಪುಟ ನೋಡಬೇಕು ಎನಿಸುತ್ತದೆ.

ನಮ್ಮ ಮನೆಯಲ್ಲೂ ಹೀಗೆ ಕಟ್ಟು ಕಟ್ಟು ಪತ್ರಿಕೆ ಇತ್ತು. ಅಜ್ಜನಿಗೆ ಹುಬ್ಬಳ್ಳಿಯಿಂದ ಬರುವ ‘ಕಸ್ತೂರಿ’. ಅಮ್ಮನಿಗೆ ‘ಸುಧಾ’. 1983ರಲ್ಲಿ ಮಣಿಪಾಲದಿಂದ ‘ತರಂಗ’ ಶುರುವಾದ ಮೇಲೆ ಅದೂ ಸೇರಿತು, ನಮ್ಮೂರಿನದ್ದು ಅಂತ ಒಂದು ಹೆಚ್ಚಿನ ಜಂಬ. ನಾನು ಚಿಕ್ಕವನಿರುವಾಗ ನನ್ನ ಪಾಲಿಗೆ ‘ಚಂದಮಾಮ’, ಶಂಕರ್ ಬರೆದ ಚಿತ್ರದಲ್ಲಿ ವಿಕ್ರಮನ ಹೆಗಲ ಮೇಲಿಂದ ಬೇತಾಳ ಜೋತಾಡುತ್ತಿರುತ್ತಿತ್ತು. ಎಲ್ಲ ಅಟ್ಟದಲ್ಲಿ, ನುಸಿಗುಳಿಗೆ ಹಾಕಿ ಕಟ್ಟಿಟ್ಟದ್ದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರಿನಲ್ಲಿ ಕಾಗದ ಇಟ್ಟುಕೊಳ್ಳುವುದೆಂದರೆ ಮಗು ಸಾಕಿದ ಹಾಗೆ. ಬಿಸಿಲು ಬಂದಾಗ ಅಂಗಳಕ್ಕೆ, ಮೋಡ ಬಂದಾಗ ಒಳಗೆ. ಇಷ್ಟು ಮಾಡಿದರೂ ಪಿನ್ನು ತುಕ್ಕು, ಹಾಳೆಗೆ ಬೂಸ್ಟು. 1998ರ ಮಳೆಗಾಲಕ್ಕೆ ಮಾಡು ಸೋರಲು ಶುರುವಾದಾಗ ನಾನೇ ನಿಂತು ಎಲ್ಲ ಗುಜರಿಗೆ ಕೊಟ್ಟೆ. ಅರುವತ್ತೆರಡು ಕಿಲೋ. ತೂಕ ಸರಿ ಉಂಟಾ ಅಂತ ಎರಡು ಸಲ ನೋಡಿದೆ. ಬಂದ ದುಡ್ಡಿನಲ್ಲಿ ಹಂಚು ಹಾಕಿಸಲಿಲ್ಲ. ಗೋಳಿಬಜೆ ತಂದು ತಿಂದೆವು. ಅಮ್ಮ ಒಂದೂ ತಿನ್ನಲಿಲ್ಲ, ಎಣ್ಣೆ ಪದಾರ್ಥ ಆಗುವುದಿಲ್ಲ ಅಂದರು.

ಇವತ್ತು ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ನನಗೆ ಒಂದು ಉಪಾಯ ಹೊಳೆಯಿತು. ಧಾರಾವಾಹಿ ಮುಗಿದ ಮರುವಾರ ಓದುಗರ ಪತ್ರ ಬಂದೇ ಬರುತ್ತದೆ. ‘ಇಂಥವರೇ ಕೊಲೆಗಾರ ಎಂದು ನಾನು ಊಹಿಸಿರಲಿಲ್ಲ’ ಅಂತ ಶಿವಮೊಗ್ಗದಿಂದಲೋ ಸಿರಸಿಯಿಂದಲೋ ಒಬ್ಬರು ಬರೆಯದೆ ಇರುವುದಿಲ್ಲ. ಅಂದರೆ ಮರುವಾರದ ಸಂಚಿಕೆ ಸಿಕ್ಕಿದರೆ ಸಾಕು. ಜತೆಗೆ ಹೋಳಿಗೆಯ ತೀರ್ಪೂ ಸಿಕ್ಕುತ್ತದೆ. ಹೆಂಡತಿಯೂ ಮೊದಲ ಬಾರಿಗೆ “ಹೋಗಿ ಬನ್ನಿ” ಅಂದಳು.

ಕೊಡೆ ಹಿಡಿದು ಅಂಬಾಗಿಲಿಗೆ ಹೋದೆ.

“ಅದೇ ಮನೆಯದ್ದು ಇನ್ನೊಂದು ಕಟ್ಟು ಇತ್ತು ಸಾರ್. ಮನೆ ಕೆಡವಿ ಫ್ಲಾಟ್ ಮಾಡ್ತಾರಂತೆ. ಮೊನ್ನೆ ಚರುಮುರಿಯವ ಕೊಂಡುಹೋದ.”

“ಚರುಮುರಿಗಾ? ಕಿಲೋಗೆ ಎಷ್ಟಕ್ಕೆ ಕೊಟ್ರಿ?”

“ಹದಿನೈದು.”

“ನನಗೆ ಒಂದಕ್ಕೆ ನಲವತ್ತು, ಅವನಿಗೆ ಕಿಲೋಗೆ ಹದಿನೈದಾ?”

“ಅವ ಓದುದಿಲ್ಲ ಅಲ್ಲಾ ಸಾರ್.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವ ಚರುಮುರಿಯವ ಎಂದು ಕೇಳಿಕೊಂಡು ಸಿಟಿ ಬಸ್ ಸ್ಟ್ಯಾಂಡಿಗೆ ಬಂದೆ. ಒಂದು ಪೊಟ್ಟಣ ತೆಗೆದುಕೊಂಡೆ, ಖಾರ ಕಮ್ಮಿ. ಬೇಗ ಬೇಗ ತಿಂದು ಕಾಗದ ಬಿಡಿಸಿದೆ. ಯಾವುದೋ ದಿನಪತ್ರಿಕೆಯ ಟೆಂಡರ್ ಪ್ರಕಟಣೆ. ಎರಡನೆಯದು ತೆಗೆದುಕೊಂಡೆ. ಅದು ಹಳೆಯ ಹಾಳೆಯೇ, ಹಳದಿಯಾಗಿತ್ತು, ಎದೆ ಹೊಡೆದುಕೊಂಡಿತು. ಬಿಡಿಸಿದರೆ ಸೀರೆಯ ಜಾಹೀರಾತು, ಈರುಳ್ಳಿ ನೀರಲ್ಲಿ ಒದ್ದೆ. ನಾನು ಕಾಗದವನ್ನು ಬೆಳಕಿಗೆ ಹಿಡಿದು ಆಚೀಚೆ ತಿರುಗಿಸುವುದನ್ನು ನೋಡಿ ಅವನಿಗೆ ಸಂಶಯ ಬಂತು.

“ಹುಳ ಗಿಳ ಎಂತಾದ್ರೂ ಉಂಟಾ ಸಾರ್?”

“ಇಲ್ಲ ಇಲ್ಲ. ಇನ್ನೊಂದು ಕೊಡಿ.”

ಮೂರನೆಯದು ಯಾರೋ ಕಾಲೇಜು ಹುಡುಗನ ಉತ್ತರ ಪತ್ರಿಕೆ. ಐವತ್ತಕ್ಕೆ ಒಂಬತ್ತು. ಹೊಟ್ಟೆ ಉಬ್ಬರಿಸಿ ಮನೆಗೆ ಬಂದಿದ್ದೇನೆ. ನಾಳೆ ನಾಲ್ಕು ಗಂಟೆಗೆ ಅಂಗಡಿ ತೆರೆಯುತ್ತಾನಂತೆ. ಹೆಂಡತಿಯನ್ನೂ ಕರೆದುಕೊಂಡು ಹೋಗುವುದು, ಇಬ್ಬರಾದರೆ ಆರು ಪೊಟ್ಟಣ ಆಗುತ್ತದೆ.