ಪೊಲೀಸರಿಗೆ ದಂಡ ದುಪ್ಪಟ್ಟು: ಕಾಯ್ದೆಯಲ್ಲಿದೆ, ರಸೀದಿಯಲ್ಲಿ ಕಾಣುವುದಿಲ್ಲ

ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವ ಪೊಲೀಸಪ್ಪನ ವಿಡಿಯೊ ಬಂದಾಗಲೆಲ್ಲ ಕೆಳಗೆ ಅದೇ ಜಗಳ. ಅರ್ಧ ಜನ ಬೈಯುತ್ತಾರೆ, ಉಳಿದರ್ಧ ಜನ "ಪಾಪ, ದಿನವಿಡೀ ಬಿಸಿಲು-ಹೊಗೆಯಲ್ಲಿ ನಿಂತಿರ್ತಾರೆ, ಬಿಡಿ ಸ್ವಾಮಿ" ಅನ್ನುತ್ತಾರೆ. ನಿಯಮ ಪೊಲೀಸರಿಗೂ ಅನ್ವಯಿಸಬೇಕೇ ಎಂದು ಚರ್ಚೆ ಮಾಡುವಂಥದ್ದೇನೂ ಉಳಿದಿಲ್ಲ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 210ಬಿ ಎಂಬ ಕಲಂ ಸೇರಿದೆ. ಕಾಯ್ದೆಯನ್ನು ಜಾರಿ ಮಾಡುವ ಅಧಿಕಾರ ಇರುವವರೇ ಅದನ್ನು ಮುರಿದರೆ, ಆ ತಪ್ಪಿಗೆ ಇರುವ ದಂಡದ ಎರಡರಷ್ಟು ಕಟ್ಟಬೇಕು. ಒಂದೇ ವಾಕ್ಯದ ಕಲಂ. ಡ್ಯೂಟಿಯಲ್ಲಿದ್ದರೆ, ರಜೆಯಲ್ಲಿದ್ದರೆ, ಇಲಾಖೆ ವಾಹನವಾದರೆ, ಸ್ವಂತ ವಾಹನವಾದರೆ ಅಂತ ಅದರಲ್ಲಿ ಯಾವ ವಿಂಗಡಣೆಯೂ ಇಲ್ಲ. ಆ ತಿಂಗಳೇ ದೆಹಲಿ ಸಂಚಾರ ಪೊಲೀಸರು ತಮ್ಮ ಸಿಬ್ಬಂದಿಗೆ ಸುತ್ತೋಲೆ ಕಳಿಸಿ, ತಪ್ಪು ಮಾಡಿದರೆ ನಿಮಗೆ ದುಪ್ಪಟ್ಟು ಎಂದು ನೆನಪಿಸಿದ್ದರು.

ಹಾಗಾದರೆ ತೊಡಕೆಲ್ಲಿ? ಆ ದಂಡವನ್ನು ಯಾರ ಹೆಸರಿಗೆ ಬರೆಯಬೇಕು, ಯಾರ ಜೇಬಿನಿಂದ ತೆಗೆಸಬೇಕು ಅನ್ನುವಲ್ಲಿ. ಅದಕ್ಕೆ ಬರುವ ಮುಂಚೆ, ಪೊಲೀಸರಿಗೆ ಕಾನೂನು ನಿಜವಾಗಿ ಕೊಟ್ಟಿರುವ ವಿನಾಯಿತಿಗಳನ್ನು ನೋಡಿಬಿಡೋಣ. ಇಲ್ಲದಿದ್ದರೆ ಸರಿಯಾದದ್ದಕ್ಕೂ ಬೈಯುತ್ತೇವೆ.

ಮೊದಲನೆಯದು ತುರ್ತು ಓಡಾಟ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲಿ ಆದ್ಯತೆಯ ವಾಹನಗಳ ಸಾಲು ಇದೆ: ಮೊದಲು ಅಗ್ನಿಶಾಮಕ, ನಂತರ ಆಂಬುಲೆನ್ಸ್, ಮೂರನೆಯದು ಪೊಲೀಸ್. ಬಹುಬಣ್ಣದ ದೀಪ ಮಿನುಗುತ್ತಾ ಸೈರನ್ ಕೂಗುತ್ತಾ ಹೋಗುವಾಗ ಇವು ಕೆಂಪು ದೀಪ ದಾಟಬಹುದು, ವೇಗಮಿತಿ ಮೀರಬಹುದು. ಆದರೆ ಅದಕ್ಕೆ ಎರಡು ಕಟ್ಟುಗಳಿವೆ. ಜೀವ ಉಳಿಸುವ ಅಥವಾ ದೊಡ್ಡ ಹಾನಿ ತಪ್ಪಿಸುವ ಮಟ್ಟದ ತುರ್ತು ಇರಬೇಕು. ದಾಟುವಾಗಲೂ ಉಳಿದವರ ಸುರಕ್ಷತೆ ನೋಡಿಕೊಂಡೇ ದಾಟಬೇಕು. 112ಕ್ಕೆ ಕರೆ ಬಂದು ಹೊಯ್ಸಳ ಗಸ್ತು ವಾಹನ ಸಿಗ್ನಲ್ ದಾಟಿದರೆ ತಪ್ಪೇನೂ ಇಲ್ಲ. ಅದೇ ಹೊಯ್ಸಳ ದೀಪ, ಸೈರನ್ ಎರಡನ್ನೂ ಆರಿಸಿಕೊಂಡು ಒನ್‌ವೇಯಲ್ಲಿ ಎದುರಿಗೆ ಬಂದು ಟೀ ಅಂಗಡಿ ಮುಂದೆ ನಿಂತರೆ, ಅದಕ್ಕೂ ನಿಮ್ಮ ಸ್ಕೂಟರಿಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸವಿಲ್ಲ.

ಎರಡನೆಯದು ಬಹಳ ಜನಕ್ಕೆ ಗೊತ್ತಿಲ್ಲದ್ದು, ವಿಮೆ. "ಪೊಲೀಸ್ ಜೀಪಿಗೇ ಇನ್ಶೂರೆನ್ಸ್ ಇಲ್ಲ" ಅಂತ ಆ್ಯಪಿನ ಸ್ಕ್ರೀನ್‌ಶಾಟ್ ಹಾಕಿ ಕುಣಿಯುವವರು 146ನೇ ಕಲಂ ಓದಬೇಕು. ವಾಣಿಜ್ಯ ಉದ್ದೇಶಕ್ಕೆ ಬಳಸದ ಕೇಂದ್ರ ಮತ್ತು ರಾಜ್ಯ ಸರ್ಕಾರದ ವಾಹನಗಳಿಗೆ ಮೂರನೇ ವ್ಯಕ್ತಿ ವಿಮೆ ಕಡ್ಡಾಯವಲ್ಲ. ಅಪಘಾತವಾದರೆ ಪರಿಹಾರ ಸರ್ಕಾರವೇ ಕೊಡಬೇಕು. ಆದರೆ ಕಾನ್‌ಸ್ಟೆಬಲ್ ಮನೆಯಿಂದ ಠಾಣೆಗೆ ಬರುವ ಸ್ವಂತ ಬೈಕ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ವಿಮೆ ಇಲ್ಲದಿದ್ದರೆ ಕಾಯ್ದೆಯ ಪ್ರಕಾರ ಮೊದಲ ಸಲಕ್ಕೆ 2,000 ರೂಪಾಯಿ, 210ಬಿ ಸೇರಿದರೆ 4,000. ವೇಗ ನಿಯಂತ್ರಕ ಅಳವಡಿಸುವುದರಿಂದಲೂ ಕೇಂದ್ರ ನಿಯಮ 118ರಲ್ಲಿ ಪೊಲೀಸ್ ವಾಹನಗಳಿಗೆ ರಿಯಾಯಿತಿ ಇದೆ. ಅದು ಉಪಕರಣಕ್ಕೆ ಕೊಟ್ಟ ರಿಯಾಯಿತಿ, ವೇಗಕ್ಕಲ್ಲ.

ದಿನಾ ಕಾಣುವ ಉಲ್ಲಂಘನೆಗಳಲ್ಲಿ ಪೊಲೀಸರಿಗೆ ಸಿಗುವ ರಿಯಾಯಿತಿ ಹೆಚ್ಚುಕಡಿಮೆ ಇಷ್ಟೇ.

ಈಗ ಹೆಲ್ಮೆಟ್. 129ನೇ ಕಲಂ ಹೆಸರು ಹೇಳಿ ಬಿಟ್ಟಿರುವುದು ಪೇಟ ಧರಿಸಿದ ಸಿಖ್ಖರನ್ನು. ಪೊಲೀಸ್ ಟೋಪಿಯ ಸುದ್ದಿ ಅಲ್ಲಿಲ್ಲ. ಕರ್ನಾಟಕದ ಕಾನ್‌ಸ್ಟೆಬಲ್‌ಗಳ ಹಳೆಯ ಸ್ಲೋಚ್ ಹ್ಯಾಟ್ (ಅಗಲ ಅಂಚಿನ ಟೋಪಿ) ಹೆಲ್ಮೆಟ್ಟಿನೊಳಗೆ ಕೂರುತ್ತಿರಲಿಲ್ಲ, ಸ್ಕೂಟರಿನ ಡಿಕ್ಕಿಯಲ್ಲಿ ಮಡಚಿ ಇಟ್ಟರೆ ಅಂಚು ಕೆಡುತ್ತಿತ್ತು. ಟೋಪಿ ಉಳಿಸಿಕೊಳ್ಳಲು ತಲೆ ಪಣಕ್ಕಿಡುವ ಪರಿಸ್ಥಿತಿ ವರ್ಷಗಟ್ಟಲೆ ಇತ್ತು. 2025ರ ಅಕ್ಟೋಬರ್‌ನಲ್ಲಿ ಗಾಢ ನೀಲಿ ಪೀಕ್ ಕ್ಯಾಪ್ ಬಂತು. ಇದು ಹಗುರ, ಡಿಕ್ಕಿಯಲ್ಲೂ ಹಿಡಿಸುತ್ತದೆ. ಆ ನೆಪ ಈಗ ಮುಗಿಯಿತು.

ಇನ್ನು ಅರ್ಧ ಹೆಲ್ಮೆಟ್. ಖಾಕಿ ತೊಟ್ಟವರ ತಲೆಯ ಮೇಲೆ ಇದು ಜಾಸ್ತಿ ಕಾಣಲು ಕಾರಣವೂ ಇದೆ: ಕಿವಿ ತೆರೆದಿರುತ್ತದೆ, ವೈರ್‌ಲೆಸ್ ಕೇಳಿಸುತ್ತದೆ, ತೆಗೆದು ಹಾಕುವುದು ಸುಲಭ. ಆದರೆ ಕಾಯ್ದೆ ಕೇಳುವುದು ಅಪಘಾತದಲ್ಲಿ ರಕ್ಷಣೆ ಕೊಡುವಂಥ ಆಕಾರ ಮತ್ತು ರಚನೆ ಇರುವ, ಪಟ್ಟಿಯಿಂದ ತಲೆಗೆ ಬಿಗಿದ ಶಿರಸ್ತ್ರಾಣವನ್ನು. 2021ರ ಜೂನ್ 1ರಿಂದ ಐಎಸ್ 4151 ಮಾನದಂಡದ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿಲ್ಲದ ಹೆಲ್ಮೆಟ್ ತಯಾರಿಸಿ ಮಾರುವುದೇ ನಿಷಿದ್ಧ. ಒಳಗೆ ಅರ್ಧ ಇಂಚು ಸ್ಪಂಜು ಅಂಟಿಸಿದ ಪ್ಲಾಸ್ಟಿಕ್ ಬೋಗುಣಿ ತಲೆಗಿಂತ ಮೊದಲೇ ಒಡೆಯುತ್ತದೆ. ಪೆಟ್ಟಿನ ಶಕ್ತಿಯನ್ನು ಹೀರುವುದು ಗಟ್ಟಿ ಹೆಲ್ಮೆಟ್ಟಿನ ಹೊರಚಿಪ್ಪಿನ ಕೆಳಗಿರುವ ದಪ್ಪ ಥರ್ಮಾಕೋಲ್ ಪದರ. ಅದಿಲ್ಲದ್ದು ದಂಡ ತಪ್ಪಿಸುವ ಟೋಪಿ ಅಷ್ಟೇ.

ಸೀಟ್ ಬೆಲ್ಟ್ ವಿಷಯದಲ್ಲಿ ಕೇಳಿಬರುವ ಸಮರ್ಥನೆ "ತಕ್ಷಣ ಇಳಿದು ಓಡಬೇಕಾಗುತ್ತೆ" ಎಂಬುದು. ಬಕಲ್ ಬಿಚ್ಚಲು ಒಂದು ಸೆಕೆಂಡೂ ಬೇಡ. ಅದರ ಎದುರಿಗೆ ಏರ್‌ಬ್ಯಾಗ್ ಇಟ್ಟು ನೋಡಿ: ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಅದು ಉಬ್ಬುತ್ತದೆ, ಬೆಲ್ಟ್ ಹಾಕಿ ಹಿಂದಕ್ಕೆ ಕೂತ ದೇಹವನ್ನು ಲೆಕ್ಕ ಹಿಡಿದು ಉಬ್ಬುತ್ತದೆ. ಬೆಲ್ಟ್ ಇಲ್ಲದ ದೇಹ ಬ್ರೇಕ್ ಹಾಕಿದ ಕೂಡಲೇ ಮುಂದಕ್ಕೆ ಜಾರಿರುತ್ತದೆ, ಆಗ ಅದೇ ಬ್ಯಾಗು ಮುಖಕ್ಕೆ ಗುದ್ದುತ್ತದೆ. ರಾತ್ರಿ ಗಸ್ತಿನಲ್ಲಿ ನಿದ್ದೆಗೆಟ್ಟು ಹೆದ್ದಾರಿಯಲ್ಲಿ ಓಡಾಡುವವರಿಗೆ ಬೆಲ್ಟು ಬೇರೆಯವರಿಗಿಂತ ಹೆಚ್ಚು ಬೇಕು.

ವಾಕಿಟಾಕಿಯ ಬಗ್ಗೆ ಒಂದು ಮಾತು. 184ನೇ ಕಲಂ ಬರೀ ಮೊಬೈಲ್ ಫೋನ್ ಅನ್ನುವುದಿಲ್ಲ, ಕೈಯಲ್ಲಿ ಹಿಡಿದ ಸಂವಹನ ಸಾಧನ ಅನ್ನುತ್ತದೆ. ಒಂದು ಕೈಯಲ್ಲಿ ಸೆಟ್ ಹಿಡಿದು ಬಾಯಿಗಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಬೈಕ್ ಓಡಿಸುವುದೂ ಅದರಡಿ ಬರುತ್ತದೆ. ಇದಕ್ಕೆ ಸಿಬ್ಬಂದಿಯನ್ನು ದೂರುವ ಮುಂಚೆ ಇಲಾಖೆಯನ್ನು ಕೇಳಬೇಕು: ಭುಜಕ್ಕೆ ಸಿಕ್ಕಿಸುವ ಮೈಕ್, ಹೆಲ್ಮೆಟ್ಟಿನೊಳಗಿನ ಸ್ಪೀಕರ್ ಎಷ್ಟು ಜನಕ್ಕೆ ಕೊಟ್ಟಿದ್ದೀರಿ?

ಈಗ ಅಸಲಿ ತೊಡಕಿಗೆ ಬರೋಣ. ಕ್ಯಾಮೆರಾದಿಂದಲೇ ಉಲ್ಲಂಘನೆ ಹಿಡಿಯುವ ಬೆಂಗಳೂರಿನ ಐಟಿಎಂಎಸ್ ವ್ಯವಸ್ಥೆ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಶುರುವಾಯಿತು. ಕ್ಯಾಮೆರಾಗೆ ಕಾಣುವುದು ನಂಬರ್ ಪ್ಲೇಟ್, ಸವಾರನ ಹುದ್ದೆಯಲ್ಲ. ನೋಂದಣಿಯ 'ವಾಹನ್' ದತ್ತಾಂಶದಲ್ಲಿ ಆ ನಂಬರಿನ ಮಾಲೀಕ ಯಾರೋ ಅವರಿಗೆ ಚಲನ್. ಕಾನ್‌ಸ್ಟೆಬಲ್‌ನ ಸ್ವಂತ ಬೈಕಾದರೆ ನೋಟಿಸ್ ಅವರ ಮನೆಗೇ ಹೋಗುತ್ತದೆ, ಆದರೆ ಮಾಲೀಕ ಪೊಲೀಸ್ ಎಂದು ತಂತ್ರಾಂಶಕ್ಕೆ ತಿಳಿಯುವ ದಾರಿಯಿಲ್ಲದ್ದರಿಂದ ದುಪ್ಪಟ್ಟು ಆಗುವುದಿಲ್ಲ. ಜಿ ಸರಣಿಯ ಸರ್ಕಾರಿ ಜೀಪಾದರೆ ಮಾಲೀಕ ಒಂದು ಕಚೇರಿ. ಕಚೇರಿಗೆ ತಲೆಯೂ ಇಲ್ಲ, ಜೇಬೂ ಇಲ್ಲ. ಚಲನ್ ಬಾಕಿ ಬೀಳುತ್ತದೆ, ಅಥವಾ ಕಚೇರಿಯ ಹಣದಿಂದ ಯಾವತ್ತೋ ಒಂದು ದಿನ ತೀರುತ್ತದೆ. 2025ರಲ್ಲಿ ಶೇ 50 ರಿಯಾಯಿತಿ ಕೊಟ್ಟಾಗ ಮುಖ್ಯಮಂತ್ರಿಗಳ ಸರ್ಕಾರಿ ಕಾರಿನ ಮೇಲಿದ್ದ ಏಳು ಪ್ರಕರಣಗಳ ದಂಡ 2,500 ರೂಪಾಯಿಗೆ ಚುಕ್ತಾ ಆದದ್ದು ನೆನಪಿರಬಹುದು. ಕ್ಯಾಮೆರಾ ತನ್ನ ಕೆಲಸ ಮಾಡಿತ್ತು. ಆದರೆ ಕಚೇರಿ ಹಣದಿಂದ ಕಟ್ಟಿದಾಗಲೆಲ್ಲ ದಂಡ ಒಂದು ಸರ್ಕಾರಿ ಖಾತೆಯಿಂದ ಇನ್ನೊಂದು ಸರ್ಕಾರಿ ಖಾತೆಗೆ ಹೋಗುತ್ತದೆ, ತಪ್ಪು ಮಾಡಿದವರ ಒಂದು ರೂಪಾಯಿಯೂ ಕರಗುವುದಿಲ್ಲ.

ಆದರೆ ಚಾಲಕನನ್ನು ಪತ್ತೆ ಹಚ್ಚುವುದು ಪೊಲೀಸ್ ವಾಹನದಷ್ಟು ಸುಲಭ ಬೇರೆ ಯಾವ ವಾಹನದಲ್ಲೂ ಇಲ್ಲ. ಪ್ರತಿ ಇಲಾಖಾ ವಾಹನಕ್ಕೂ ಲಾಗ್ ಬುಕ್ ಇರುತ್ತದೆ: ದಿನಾಂಕ, ಹೊರಟ ಸಮಯ, ಮೀಟರ್ ರೀಡಿಂಗ್, ಎಲ್ಲಿಗೆ, ಯಾವ ಕೆಲಸಕ್ಕೆ, ಚಾಲಕ ಯಾರು, ಬಳಸಿದ ಅಧಿಕಾರಿಯ ಸಹಿ. ಡೀಸೆಲ್ ಲೆಕ್ಕಕ್ಕಾಗಿ ಎಂಟಿ (ಮೋಟಾರು ವಾಹನ) ವಿಭಾಗ ಇದನ್ನು ಕಟ್ಟುನಿಟ್ಟಾಗಿ ನೋಡುತ್ತದೆ. ಕಾಯ್ದೆಯ 133ನೇ ಕಲಂ ಪ್ರಕಾರ ಪೊಲೀಸರು ಕೇಳಿದಾಗ ವಾಹನದ ಮಾಲೀಕ ಚಾಲಕನ ಹೆಸರು, ವಿಳಾಸ, ಲೈಸೆನ್ಸ್ ವಿವರ ಕೊಡಲೇಬೇಕು. ಮಾಲೀಕ ಕಚೇರಿಯಾದರೂ ಅಷ್ಟೇ. ಸಂಚಾರ ವಿಭಾಗ ಚಲನ್ ಜೊತೆ 133ರ ನೋಟಿಸನ್ನು ಆ ಘಟಕದ ಮುಖ್ಯಸ್ಥರಿಗೆ ಕಳಿಸಬೇಕು. ಘಟಕ ಲಾಗ್ ಬುಕ್ ಪುಟದ ಪ್ರತಿಯನ್ನೂ, ತುರ್ತು ಎಂದು ಹೇಳುವುದಾದರೆ ಆ ಸಮಯದ 112 ಕರೆಯ ಇವೆಂಟ್ ಸಂಖ್ಯೆ ಅಥವಾ ಕಂಟ್ರೋಲ್ ರೂಮ್ ನಮೂದನ್ನೂ ಕೊಡಬೇಕು. ದಾಖಲೆ ಇದ್ದರೆ ಚಲನ್ ರದ್ದು. ಇಲ್ಲದಿದ್ದರೆ ಚಾಲಕನ ಹೆಸರಿಗೆ ವರ್ಗಾವಣೆ, ದುಪ್ಪಟ್ಟು, ಸ್ವಂತ ಹಣ. ಹೊಸ ಕಾಯ್ದೆ ಬೇಡ, ಹೊಸ ಸಾಫ್ಟ್‌ವೇರೂ ಬೇಡ, ಒಂದು ಸುತ್ತೋಲೆ ಸಾಕು.

ಇಲ್ಲೇ ಕಾನ್‌ಸ್ಟೆಬಲ್ ಪರವಾಗಿ ಒಂದು ಮಾತು ಹೇಳಬೇಕು. ಜೀಪು ಓಡಿಸುವವರು ಸಶಸ್ತ್ರ ಮೀಸಲು ಪಡೆಯ ಚಾಲಕರು. ಎಡಗಡೆ ಸೀಟಿನಲ್ಲಿ ಕೂತ ಸಾಹೇಬರು "ನುಗ್ಸಯ್ಯಾ" ಅಂದರೆ ನುಗ್ಗಿಸದೆ ಇರುವ ಧೈರ್ಯ ಯಾರಿಗಿದೆ? ದಂಡ ಮಾತ್ರ ಚಾಲಕನಿಗೆ ಅಂದರೆ ಅನ್ಯಾಯವೇ. ಇದಕ್ಕೂ ಕಾಯ್ದೆಯಲ್ಲಿ ಮದ್ದಿದೆ. 188ನೇ ಕಲಂ ಅಪಾಯಕಾರಿ ಚಾಲನೆಗೆ ಪ್ರಚೋದನೆ ಕೊಟ್ಟವರಿಗೂ ಅದೇ ಶಿಕ್ಷೆ ಅನ್ನುತ್ತದೆ, ಮತ್ತು 184ರ ಅಪಾಯಕಾರಿ ಚಾಲನೆಯಲ್ಲಿ ಕೆಂಪು ದೀಪ ದಾಟುವುದೂ ಸೇರಿದೆ. ಲಾಗ್ ಬುಕ್ಕಿನಲ್ಲಿ ಅಧಿಕಾರಿಯ ಸಹಿ ಇರುತ್ತದೆ. ಆ ಸಹಿ ಇರುವವರೆಗೆ "ನಾನು ಹೇಳಿರಲಿಲ್ಲ" ಅನ್ನುವುದು ಕಷ್ಟ.

ದುಪ್ಪಟ್ಟು ಅಂದರೆ ಎಷ್ಟು ಅನ್ನುವುದರಲ್ಲೂ ಗೊಂದಲ ಇದೆ. ಹೆಲ್ಮೆಟ್ ಇಲ್ಲದ್ದಕ್ಕೆ 194ಡಿ ಪ್ರಕಾರ 1,000 ರೂಪಾಯಿ ದಂಡ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಕರ್ನಾಟಕ 2019ರ ಸೆಪ್ಟೆಂಬರ್ ಮೂರನೇ ವಾರದಲ್ಲಿ ಸ್ಥಳದಲ್ಲೇ ಕಟ್ಟುವ ರಾಜಿ ದಂಡವನ್ನು 500ಕ್ಕೆ ಇಳಿಸಿತು. 210ಬಿ ಹೇಳುವುದು ಕಾಯ್ದೆಯಲ್ಲಿರುವ ದಂಡದ ಎರಡರಷ್ಟು. ಅಕ್ಷರಶಃ ಓದಿದರೆ 2,000, ರಾಜಿ ದರಕ್ಕೆ ಗುಣಿಸಿದರೆ 1,000. ಜೊತೆಗೆ, ದಂಡ ವಿಧಿಸುವ ಅಧಿಕಾರ ಎಎಸ್‌ಐ ಮತ್ತು ಮೇಲ್ಪಟ್ಟವರಿಗೆ ಇರುವಾಗ, ಮೀಸಲು ಪಡೆಯ ಚಾಲಕ ತಾನು ಜಾರಿ ಅಧಿಕಾರಿಯೇ ಅಲ್ಲ ಎಂದು ವಾದಿಸಲೂಬಹುದು. ಗೃಹ ಮತ್ತು ಸಾರಿಗೆ ಇಲಾಖೆಗಳು ಕೂತು ಎರಡು ಸಾಲಿನ ಸ್ಪಷ್ಟನೆ ಕೊಟ್ಟರೆ ಮುಗಿಯುವ ವಿಷಯ. ನನ್ನನ್ನು ಕೇಳಿದರೆ ಹಣಕ್ಕಿಂತ ಬಿಸಿ ಮುಟ್ಟಿಸುವುದು ಆ ಮೂರು ತಿಂಗಳ ಅನರ್ಹತೆ. ಲೈಸೆನ್ಸ್ ಇಲ್ಲದವರನ್ನು ಚಾಲಕ ಡ್ಯೂಟಿಗೆ ಹಾಕುವಂತಿಲ್ಲ, ಘಟಕದ ರೋಸ್ಟರ್ ಕೆಡುತ್ತದೆ, ಆಗ ಮೇಲಿನವರಿಗೂ ತಟ್ಟುತ್ತದೆ.

ಠಾಣೆಗಳ ಮುಂದಿನ ಫುಟ್‌ಪಾತ್ ವಿಷಯ ಬರೆಯದಿದ್ದರೆ ತಪ್ಪಾದೀತು. ಜಪ್ತಿಯಾದ ಬೈಕು-ಆಟೊಗಳು ರಸ್ತೆಯ ಒಂದು ಲೇನನ್ನೇ ನುಂಗಿ ತುಕ್ಕು ಹಿಡಿಯುತ್ತಿರುತ್ತವೆ, ಹತ್ತಡಿ ದೂರದಲ್ಲಿ ನೋ ಪಾರ್ಕಿಂಗ್ ಫಲಕ. ಜಪ್ತಿ ವಾಹನಗಳನ್ನು ಠಾಣೆಯಲ್ಲಿ ಬಹುಕಾಲ ಇಟ್ಟುಕೊಳ್ಳಬೇಡಿ, ಫೋಟೊ ತೆಗೆದು, ಪಂಚನಾಮೆ ಮಾಡಿ, ಬಾಂಡ್ ಬರೆಸಿಕೊಂಡು ಬಿಡಿ ಎಂದು ಸುಪ್ರೀಂ ಕೋರ್ಟ್ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಹೇಳಿದೆ.

ಕೈಗೆ ಸಿಕ್ಕ ಪ್ರಕರಣವನ್ನು ಬೆನ್ನು ಹತ್ತುವುದು ಹೇಗೆ ಅನ್ನುವವರಿಗೆ: ಬೆಂಗಳೂರಿನಲ್ಲಾದರೆ ಸಂಚಾರ ಪೊಲೀಸರ ಆ್ಯಪ್ ಮೂಲಕ ಅಥವಾ ಅವರ ಎಕ್ಸ್ ಖಾತೆಗೆ ಫೋಟೊ ಕಳಿಸಬಹುದು. ಬಹುಪಾಲು ದೂರು ಬಿದ್ದುಹೋಗುವುದು ಪ್ಲೇಟ್ ಅರ್ಧ ಕತ್ತರಿಸಿರುವುದಕ್ಕೆ, ಜಾಗ-ಸಮಯ ಇಲ್ಲದ್ದಕ್ಕೆ, ಅಥವಾ ತಪ್ಪು ಫೋಟೊದಲ್ಲಿ ಕಾಣದಿರುವುದಕ್ಕೆ. ಸಿಗ್ನಲ್ ಜಂಪ್ ಅಂದರೆ ಕೆಂಪು ದೀಪ, ಸ್ಟಾಪ್ ಲೈನ್, ವಾಹನ ಮೂರೂ ಒಂದೇ ಚೌಕಟ್ಟಿನಲ್ಲಿರಬೇಕು. ಪೊಲೀಸ್ ವಾಹನವಾದರೆ ಮೇಲಿನ ದೀಪವೂ ಕಾಣಬೇಕು. ವಿಡಿಯೊ ಆದರೆ ಸೈರನ್ ಇದೆಯೋ ಇಲ್ಲವೋ ಎಂಬುದೂ ದಾಖಲಾಗುತ್ತದೆ. ನೀವೇ ವಾಹನ ಓಡಿಸುತ್ತಾ ಫೋಟೊ ತೆಗೆದರೆ ಮೊದಲ ಕೇಸು ನಿಮ್ಮ ಮೇಲೆ.

ಇದಕ್ಕಿಂತ ಉಪಯೋಗ ಆಗುವುದು ಮಾಹಿತಿ ಹಕ್ಕು ಅರ್ಜಿ. ನಿಮ್ಮ ಜಿಲ್ಲೆಯ ಎಸ್‌ಪಿ ಕಚೇರಿ ಅಥವಾ ಕಮಿಷನರೇಟಿಗೆ 10 ರೂಪಾಯಿ ಶುಲ್ಕದೊಂದಿಗೆ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯ, 150 ಪದ ಮೀರಬಾರದು, ಮೀರಿದ್ದಕ್ಕೇ ತಿರಸ್ಕರಿಸುತ್ತಾರೆ. ಚಾಲಕರ ಹೆಸರು ಕೇಳಬೇಡಿ, 8(1)(ಜೆ) ಅಡಿ ವೈಯಕ್ತಿಕ ಮಾಹಿತಿ ಎಂದು ಫೈಲು ಮುಚ್ಚುತ್ತಾರೆ. ಸಂಖ್ಯೆ ಕೇಳಿ: ಕಳೆದ ಹಣಕಾಸು ವರ್ಷದಲ್ಲಿ ಇಲಾಖಾ ವಾಹನಗಳ ಮೇಲೆ ಬಂದ ಚಲನ್ ಎಷ್ಟು, ತುರ್ತು ಎಂದು ರದ್ದಾದದ್ದು ಎಷ್ಟು, ಸಿಬ್ಬಂದಿ ಸ್ವಂತ ಹಣದಿಂದ ಕಟ್ಟಿದ್ದೆಷ್ಟು, ಕಚೇರಿ ಲೆಕ್ಕದಿಂದ ಕಟ್ಟಿದ್ದೆಷ್ಟು, 210ಬಿ ಅನ್ವಯಿಸಿದ ಪ್ರಕರಣ ಎಷ್ಟು. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ 19(1)ರಡಿ ಮೊದಲ ಮೇಲ್ಮನವಿ. ಕೊನೆಯ ಪ್ರಶ್ನೆಗೆ "ಶೂನ್ಯ" ಎಂದು ಬಂದರೂ ಅದನ್ನು ಇಲ್ಲಿ ಹಾಕಿ, ಜಿಲ್ಲೆಯ ಹೆಸರಿನ ಜೊತೆ.